ಚಿನ್ನಯ್ಯ ಮಾವನ ಎಲೆ

ಕಕ್ಕಿಂಜೆಯ ಕೊಡಂಗೆ ಮನೆಯಲ್ಲಿ ಮಳೆಗಾಲದ ನಡುವಿನ ಆಟಿ ತಿಂಗಳ ಮೂರನೆಯ ಭಾನುವಾರ ಮಧ್ಯಾಹ್ನ ಸತ್ತ ಹಿರಿಯರಿಗೆ ಬಡಿಸುವುದು ಕ್ರಮ. ಒಬ್ಬೊಬ್ಬರ ಹೆಸರಿಗೂ ಒಂದೊಂದು ಬಾಳೆಲೆ. ಬದುಕಿದ್ದಾಗ ಯಾರಿಗೆ ಯಾವುದು ಇಷ್ಟವಿತ್ತೋ ಅದು ಅವರ ಎಲೆಗೆ: ಅಜ್ಜಿಗೆ ಹುರುಳಿ ಸಾರು, ದೊಡ್ಡಜ್ಜನಿಗೆ ಕೋಳಿ ಗಸಿ. ಬಡಿಸಿ ಆದ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಂಡು ಕೂರಬೇಕು, ಹಿರಿಯರು ನಿಧಾನಕ್ಕೆ ಉಣ್ಣಲಿ ಅಂತ. ಹೀಗೆ ಏಳು ವರ್ಷ ಭೋಜ ಜಗಲಿಯಲ್ಲಿ ಕೂತಿದ್ದ. ಒಳಗಿದ್ದ ಒಂಬತ್ತು ಎಲೆಗಳಲ್ಲಿ ಒಂದು ಎಲೆ ಇನ್ನೂ ಬದುಕಿರುವ ಮನುಷ್ಯನದ್ದು ಎಂಬುದು ಆ ಏಳು ವರ್ಷವೂ ಅವನಿಗೆ ಗೊತ್ತಿತ್ತು, ಅವನೊಬ್ಬನಿಗೇ ಗೊತ್ತಿತ್ತು.

ಆ ಎಲೆ ಚಿನ್ನಯ್ಯ ಶೆಟ್ಟರದು. ಭೋಜನ ಅಮ್ಮ ದುಗ್ಗಮ್ಮನ ಒಡಹುಟ್ಟಿದ ತಮ್ಮ, ಭೋಜನಿಗೆ ಸೋದರಮಾವ. ಅಳಿಯಸಂತಾನದ ಮನೆಯಲ್ಲಿ ಅಪ್ಪ ಬಂದು ಹೋಗುವ ನೆಂಟ, ಯಜಮಾನನೆಂದರೆ ಮಾವ. ಗದ್ದೆಗೆ ಬೀಜ ಬೀಳುವುದು ಅವರ ಮಾತಿನ ಮೇಲೆ. ಮನೆಯ ಹೆಣ್ಣುಮಕ್ಕಳ ಮದುವೆಯಲ್ಲಿ ಧಾರೆಯ ಗಿಂಡಿ ಅವರ ಕೈಯಲ್ಲಿ. ಚಿನ್ನಯ್ಯ ಶೆಟ್ಟರು ಮಾತ್ರ ಈ ಯಜಮಾನಿಕೆಯನ್ನು ರಜೆಯ ದಿನಗಳಲ್ಲಷ್ಟೇ ಮಾಡುತ್ತಿದ್ದರು. ಉಳಿದ ದಿನ ಅವರು ಬಂಟ್ವಾಳದ ಪೇಟೆಯಿಂದ ಚಾರ್ಮಾಡಿ ಘಟ್ಟ ಹತ್ತಿ ಇಳಿಯುವ ಲಾರಿಯ ಡ್ರೈವರು. ಮದುವೆಯಾಗಿರಲಿಲ್ಲ. ಯಾಕೆ ಅಂತ ಕೇಳಿದರೆ, ಲಾರಿಯಲ್ಲಿ ಜಾಗ ಇಲ್ಲ ಅನ್ನುತ್ತಿದ್ದರು.

ಐವತ್ತೇಳನೆಯ ಇಸವಿಯ ಮೊದಲ ದೊಡ್ಡ ಮಳೆಗೆ, ಉಪ್ಪಿನ ಮೂಟೆ ಹೇರಿದ್ದ ಆ ಲಾರಿ ಘಟ್ಟದ ತಿರುವೊಂದರಲ್ಲಿ ಗುಡ್ಡದ ಮಣ್ಣಿನ ಜೊತೆಗೆ ಜಾರಿ ಕಣಿವೆಗೆ ಹೋಯಿತು. ಕ್ಲೀನರನಿಗೆ ಜ್ವರ ಅಂತ ಬೆಳ್ತಂಗಡಿಯಲ್ಲೇ ಇಳಿಸಿದ್ದರು, ಅವನು ಉಳಿದ. ಲಾರಿ ಸಿಕ್ಕಿತು, ಉಪ್ಪು ಕರಗಿ ಹೋಯಿತು, ಡ್ರೈವರು ಸಿಗಲಿಲ್ಲ. ಕಣಿವೆಯ ಹಳ್ಳದ ಎರಡೂ ದಡದಲ್ಲಿ ಒಂದು ತಿಂಗಳು ಹುಡುಕಿದರು. ಕೊನೆಗೆ ಕುಟುಂಬದ ಹಿರಿಯರು ಕೂತು ಮಾತಾಡಿ, ಹುಲ್ಲಿನ ಬೊಂಬೆ ಮಾಡಿ ಸುಟ್ಟು, ಉತ್ತರಕ್ರಿಯೆಯ ಬೊಜ್ಜದ ಊಟ ಹಾಕಿ, ಆಟಿಯ ಮೊದಲ ವಾರದಲ್ಲೇ ಅವರನ್ನು ಒಳಗೆ ಕರೆದರು. ಒಳಗೆ ಕರೆಯುವುದೆಂದರೆ ಅಂಗಳದಲ್ಲಿ ನಿಂತು ಸತ್ತವರ ಹೆಸರು ಹಿಡಿದು ಮೂರು ಸಲ ಕರೆದು, ಮನೆಯ ಹಿರಿಯರ ಸಾಲಿಗೆ ಸೇರಿಸುವುದು. ಅದನ್ನು ಮಾಡಬೇಕಾದವನು ಮುಂದಿನ ಯಜಮಾನ. ಮೂಡಬಿದಿರೆಯ ಶಾಲೆಯಲ್ಲಿ ಮಾಸ್ಟ್ರಾಗಿದ್ದ ಇಪ್ಪತ್ತೇಳರ ಭೋಜ ಅಳುತ್ತಲೇ ಮೂರು ಸಲ ಕರೆದ. ಆ ಅಳು ಸುಳ್ಳಾಗಿರಲಿಲ್ಲ.

ಅದಾಗಿ ಒಂಬತ್ತು ದಿನಕ್ಕೆ ಶಾಲೆಯ ವಿಳಾಸಕ್ಕೆ ಒಂದು ಕವರು ಬಂತು. ಘಟ್ಟದ ಮೇಲಿನ ಒಂದು ಆಸ್ಪತ್ರೆಯಿಂದ, ಯಾರದೋ ಕೈಯಲ್ಲಿ ಬರೆಸಿದ ಕಾಗದ. ‘ನಾನು ಬದುಕಿದ್ದೇನೆ. ಸೌದೆ ಕಡಿಯುವವರು ಕಂಡು ಹೊತ್ತುಕೊಂಡು ಬಂದರಂತೆ. ಒಂದು ತಿಂಗಳು ಮೈಮೇಲೆ ಜ್ಞಾನ ಇರಲಿಲ್ಲ. ಬಲಗಾಲು ಹೋದ ಹಾಗೆಯೇ. ಸರಸ ಅಂತ ಒಬ್ಬಳು ನೋಡಿಕೊಳ್ತಿದ್ದಾಳೆ. ಅವಳ ವಿಷಯ ನಿಮಗೆ ಯಾರಿಗೂ ಹೇಳಿರಲಿಲ್ಲ, ನಾಲ್ಕು ವರ್ಷ ಆಯಿತು. ನಮ್ಮ ಜಾತಿಯವಳಲ್ಲ. ಅಕ್ಕನಿಗೆ ನಿಧಾನಕ್ಕೆ ತಿಳಿಸು. ನೀನು ಬಂದು ನಮ್ಮನ್ನು ಕರೆದುಕೊಂಡು ಹೋಗು.’

ಭೋಜ ಕಾಗದ ಓದಿ ಮೊದಲು ಕೈಮುಗಿದ. ದೇವರು ದೊಡ್ಡವನು ಅಂದ. ಆಮೇಲೆ ಎರಡನೆಯ ಸಲ ಓದಿದ, ಕೈ ಇಳಿಯಿತು. ತಂಗಿ ಕಾಂತಿಗೆ ವಿಟ್ಲದ ದೊಡ್ಡ ಮನೆಯೊಂದರಿಂದ ಸಂಬಂಧ ಕೂಡಿಬಂದಿತ್ತು. ಕ್ರಮ, ಮಡಿ, ಮರ್ಯಾದೆ ಅಂತ ಮಾತಿಗೊಮ್ಮೆ ಹೇಳುವ ಜನ. ಸತ್ತವರ ಸಾಲಿಗೆ ಸೇರಿಸಿದ ಯಜಮಾನ, ಜಾತಿಯಲ್ಲದ ಹೆಂಗಸೊಬ್ಬಳ ಹೆಗಲು ಹಿಡಿದು ಅಂಗಳಕ್ಕೆ ಬಂದು ನಿಂತರೆ ಅವರು ಮತ್ತೆ ಈ ಕಡೆ ಮುಖ ಹಾಕುವವರಲ್ಲ. ಹಾಗಂತ ಅವರೇನೂ ಬಾಯಿಬಿಟ್ಟು ಹೇಳಿರಲಿಲ್ಲ. ಅವರ ಪರವಾಗಿ ಭೋಜನೇ ಹೇಳಿಕೊಂಡ. ಅದೇ ದಿನ ಉತ್ತರ ಬರೆದು ಹಾಕಿದ. ‘ನಿಮ್ಮನ್ನು ಇಲ್ಲಿ ಆಟಿಯಲ್ಲಿ ಒಳಗೆ ಕರೆದಾಗಿದೆ ಮಾವ. ಈಗ ಬಂದರೆ ಕಾಂತಿಯ ಮದುವೆ ನಿಲ್ಲುತ್ತದೆ. ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳಬೇಡಿ. ಮದುವೆ ಕಳೆದ ಮರುವಾರ ನಾನೇ ಬಂದು ಕರೆದುಕೊಂಡು ಬರ್ತೇನೆ.’

ಹೋಗುವ ಮನಸ್ಸು ಅವನಿಗೆ ನಿಜವಾಗಿ ಇತ್ತು. ಡಿಸೆಂಬರಿನಲ್ಲಿ ಮದುವೆಯಾಯಿತು. ಮಾವ ಹಿಡಿಯಬೇಕಾಗಿದ್ದ ಧಾರೆಯ ಗಿಂಡಿಯನ್ನು ಭೋಜ ಹಿಡಿದ. ‘ಚಿನ್ನಯ್ಯ ಶೆಟ್ಟರೇ ಬಂದು ನಿಂತ ಹಾಗೆ ಕಂಡಿತು’ ಅಂದರು ನೆಂಟರು. ಅವನಿಗೆ ಖುಷಿಯಾಯಿತು. ಆ ಒಂದು ಗಳಿಗೆಯ ಖುಷಿಯನ್ನು ನೆನೆದರೆ ಅವನಿಗೆ ಇವತ್ತಿಗೂ ತನ್ನ ಮೇಲೆ ಹೇಸಿಗೆಯಾಗುತ್ತದೆ. ಜನವರಿಯಲ್ಲಿ, ಕೊಟ್ಟಿಗೆಹಾರದ ಹತ್ತಿರದ ಒಂದು ಕಾಫಿ ತೋಟದ ವಿಳಾಸದಿಂದ, ಮಾವನ ಇನ್ನೊಂದು ಕಾಗದ ಬಂತು: ‘ಮದುವೆ ಚೆನ್ನಾಗಿ ಆಯಿತಂತೆ, ಸಂತೋಷ. ಯಾವಾಗ ಬರ್ತೀಯ?’ ಆಗ ಶಾಲೆಯಲ್ಲಿ ಪರೀಕ್ಷೆ ಹತ್ತಿರವಿತ್ತು. ಪರೀಕ್ಷೆ ಕಳೆಯುವಾಗ ಕಾಂತಿ ಬಸುರಿ, ಈಗ ಬೇಡ ಅನ್ನಿಸಿತು. ಆ ಬಸಿರು ನಿಲ್ಲಲಿಲ್ಲ, ಈ ದುಃಖದಲ್ಲಿ ಅದೊಂದು ಬೇಡ ಅನ್ನಿಸಿತು. ಎರಡು ವರ್ಷ ಕಳೆದ ಮೇಲೆ, ಎರಡು ವರ್ಷ ಯಾಕೆ ಹೇಳಲಿಲ್ಲ ಅನ್ನುವ ಪ್ರಶ್ನೆಯೇ ಮೊದಲಿನ ವಿಷಯಕ್ಕಿಂತ ದೊಡ್ಡದಾಗಿ ಕೂತಿತು. ಮಾವನೂ ಮತ್ತೆ ಬರೆಯಲಿಲ್ಲ. ಹೆಂಡತಿ ಪ್ರಫುಲ್ಲಾಳಿಗೂ ಅವನು ಬಾಯಿ ಬಿಡಲಿಲ್ಲ. ಅಂಗಳದಲ್ಲಿ ನಿಂತರೆ ಘಟ್ಟ ಕಾಣುತ್ತಿದ್ದ ಕಾರಣ, ಊರಿಗೆ ಹೋದಾಗಲೆಲ್ಲ ಆ ದಿಕ್ಕಿಗೆ ಬೆನ್ನು ಹಾಕಿ ಕೂರುವುದನ್ನು ಮಾತ್ರ ಅಭ್ಯಾಸ ಮಾಡಿಕೊಂಡ.

ಅರವತ್ತನಾಲ್ಕರಲ್ಲಿ ಕಾಂತಿಗೆ ಮೂರನೆಯ ಸಲವೂ ಬಸಿರು ಇಳಿಯಿತು. ದುಗ್ಗಮ್ಮ ಮನೆಯಲ್ಲಿ ಪ್ರಶ್ನೆ ಇಡಿಸಿದರು. ಜೋಯಿಸರು ಕವಡೆ ಸರಿಸಿ ಸರಿಸಿ, ಕೊನೆಗೆ ಕಣ್ಣು ಮುಚ್ಚಿ, ‘ಕರೆದವರಲ್ಲಿ ಒಬ್ಬರು ಒಳಗೆ ಬಂದಿಲ್ಲ’ ಅಂದರು. ಹೆಣ ಸಿಗದ ಮನೆಯಲ್ಲಿ ಹಾಗೆ ಹೇಳಲು ಕವಡೆಯ ಸಹಾಯ ಬೇಕಾಗಿಲ್ಲ. ಆದರೆ ಗೋಡೆಗೆ ಒರಗಿ ಕೂತಿದ್ದ ಭೋಜನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಪರಿಹಾರ ಏನು ಅಂತ ಕೇಳಿದಾಗ ಜೋಯಿಸರು, ಈ ಸಲ ಬರಿಯ ಹೆಸರು ಹೇಳಿ ಬಡಿಸಬೇಡಿ, ಒಬ್ಬೊಬ್ಬರು ಏನು ದುಡಿದರು, ಹೇಗೆ ಬದುಕಿದರು ಅಂತ ಓದಿ ಹೇಳಿ ಬಡಿಸಿ, ತಮ್ಮನ್ನು ಮರೆತಿಲ್ಲ ಅಂತ ಅವರಿಗೆ ಗೊತ್ತಾಗಲಿ ಅಂದರು.

ಬರೆಯುವವನು ಭೋಜನಲ್ಲದೆ ಇನ್ನು ಯಾರು? ಬೆಳ್ತಂಗಡಿಯಲ್ಲಿ ಒಂದು ನೋಟು ಪುಸ್ತಕ ಕೊಂಡು, ಶನಿವಾರ ಭಾನುವಾರ ಮೂಡಬಿದಿರೆಯಿಂದ ಬಸ್ಸು ಹತ್ತಿ ಬಂದು ಅಮ್ಮನ ಎದುರು ಕೂತ. ದುಗ್ಗಮ್ಮ ಅಡಿಕೆ ಕತ್ತರಿಸುತ್ತ ಹೇಳುತ್ತಿದ್ದರು, ಅವನು ಬರೆಯುತ್ತಿದ್ದ. ದೊಡ್ಡಜ್ಜ ಬಂಟ್ವಾಳದಲ್ಲಿ ನೇತ್ರಾವತಿಯ ದಡದಲ್ಲಿ, ಮಂಗಳೂರಿಗೆ ಹೋಗುವ ದೋಣಿಗಳಿಗೆ ಬೈಹುಲ್ಲಿನಲ್ಲಿ ಅಕ್ಕಿ ಮುಡಿ ಕಟ್ಟಿಸುತ್ತಿದ್ದರು. ಅವರು ಕಟ್ಟಿಸಿದ ಮುಡಿ ನೆರೆಯಲ್ಲಿ ತೇಲಿದರೂ ಒಳಗೆ ನೀರು ಹೋಗುತ್ತಿರಲಿಲ್ಲವಂತೆ. ಅಜ್ಜಿ ಮೂವತ್ತು ಮಳೆಗಾಲ ಗದ್ದೆಯಲ್ಲಿ ಭತ್ತದ ನೇಜಿ ನೆಟ್ಟವರು. ನೆಡುತ್ತಲೇ ಒಂದು ಹೆರಿಗೆಯೂ ಆಗಿತ್ತು. ಅಜ್ಜಿಯ ಅಣ್ಣ ಏನೂ ದುಡಿಯಲಿಲ್ಲ, ಕೋಳಿ ಅಂಕಕ್ಕೆ ಹೋಗುತ್ತಿದ್ದರು.

‘ಅದನ್ನೂ ಬರೆಯುವುದಾ ಅಮ್ಮ?’ ಅಂದ ಭೋಜ.

‘ಬರೆ. ಇಲ್ಲದ್ದು ಓದಿದರೆ ಅವರಿಗೇ ನಾಚಿಕೆ ಆದೀತು’ ಅಂದರು ದುಗ್ಗಮ್ಮ.

ಚಿನ್ನಯ್ಯನ ಹೆಸರು ಬಂದಾಗ ಮಾತ್ರ ಅವರು ಅಡಕತ್ತರಿ ಕೆಳಗಿಟ್ಟರು.

‘ಇವನದ್ದು ಚೆಂದ ಮಾಡಿ ಬರೆ ಮಗ. ಒಳಗೆ ಬಾರದವ ಇವನೇ ಅಂತ ನನಗೆ ಗೊತ್ತುಂಟು. ಬಾಗಿಲು ತೆಗೆದಾಗ ಉಳಿದವರ ಎಲೆ ಏನೋ ಮುಟ್ಟಿದ ಹಾಗೆ ಕಾಣ್ತದೆ, ಇವನದ್ದು ಇಟ್ಟ ಹಾಗೆಯೇ ಇರ್ತದೆ. ಏಳು ವರ್ಷದಿಂದ ನೋಡ್ತಿದ್ದೇನೆ, ಯಾರ ಹತ್ತಿರವೂ ಹೇಳಲಿಲ್ಲ. ಆ ಹಳ್ಳದಲ್ಲಿ, ಆ ಚಳಿಯಲ್ಲಿ ಹೋದವ. ಮನೆಗೆ ದಾರಿ ಸಿಗದೆ ಅಲ್ಲಿಯೇ ತಿರುಗ್ತಾ ಇದ್ದಾನೋ ಏನೋ. ಜೀವ ಇರುವಾಗ ಒಂದು ಊಟಕ್ಕೂ ತಡ ಮಾಡಿದವನಲ್ಲ.’

ಸೆರಗಿನಿಂದ ಮೂಗು ಒರೆಸಿಕೊಂಡು ಅವರು ಮತ್ತೆ ಅಡಕತ್ತರಿ ಹಿಡಿದರು. ಭೋಜ ಪುಸ್ತಕದ ಮೇಲೆ ಬಗ್ಗಿ ‘ಚಿನ್ನಯ್ಯ ಶೆಟ್ಟಿ’ ಎಂದು ಬರೆದ. ಮುಂದೆ ಒಂದಕ್ಷರವೂ ಹೊರಡಲಿಲ್ಲ. ಎಲ್ಲರಿಗೂ ಹಿಂದಿನ ಪುಟಗಳಲ್ಲಿ ಕೊನೆಯ ಸಾಲು ಒಂದೇ ರೀತಿ ಇತ್ತು: ಇಂಥ ವರ್ಷ, ಇಂಥ ಕಾಯಿಲೆಯಲ್ಲಿ ತೀರಿಕೊಂಡರು. ಆ ಸಾಲನ್ನು ಮಾವನಿಗೆ ಬರೆದರೆ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಮಾಡಿದ್ದನ್ನು ಈಗ ಕೈಯಾರೆ ಮಾಡಿದಂತೆ. ಅವನು ಅಲ್ಲಿಗೆ ಪುಸ್ತಕ ಮುಚ್ಚಿದ. ಬಡಿಸುವ ಭಾನುವಾರಕ್ಕೆ ಎರಡು ದಿನ ಮೊದಲು, ಶುಕ್ರವಾರ, ಶಾಲೆಗೆ ರಜೆ ಹಾಕಿ, ತನ್ನದೇ ಮನೆಯ ದಾರಿ ಬಂದಾಗ ತಲೆ ತಗ್ಗಿಸಿಕೊಂಡು, ಅದೇ ಬಸ್ಸಿನಲ್ಲಿ ಘಟ್ಟ ಹತ್ತಿದ.

ಕೊಟ್ಟಿಗೆಹಾರದಲ್ಲಿ ಇಳಿದು ಕಾಫಿ ತೋಟದ ದಾರಿಯಲ್ಲಿ ಮೂರು ಮೈಲಿ ನಡೆದ. ಹುಡುಕುವುದು ಕಷ್ಟವಾಗಲಿಲ್ಲ. ಅಷ್ಟು ಸುಲಭವಿತ್ತಲ್ಲ ಅನ್ನುವುದೇ ಅವನಿಗೆ ಚುಚ್ಚಿತು. ತೋಟದ ಶೆಡ್ಡಿನಲ್ಲಿ ಹಳೆಯ ಟಯರಿನ ಮೇಲೆ ಒಬ್ಬ ಮುದುಕ ಕೂತು, ಜೀಪಿನ ಯಾವುದೋ ಭಾಗವನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸುತ್ತಿದ್ದ. ಗಡ್ಡ ಬೆಳ್ಳಗಾಗಿತ್ತು. ಬಲಗಾಲು ಬೇರೆ ಯಾರದೋ ಎಂಬಂತೆ ಅಡ್ಡಕ್ಕೆ ಚಾಚಿಕೊಂಡಿತ್ತು. ನೆರಳು ಬಿದ್ದದ್ದಕ್ಕೆ ತಲೆಯೆತ್ತಿ ನೋಡಿದ. ಗುರುತು ಸಿಗಲು ಒಂದು ಕ್ಷಣವೂ ಬೇಕಾಗಲಿಲ್ಲ.

‘ಮದುವೆ ಕಳೆಯಿತಾ ಭೋಜ?’ ಅಂದರು ಚಿನ್ನಯ್ಯ ಶೆಟ್ಟರು.

ಭೋಜ ಅಲ್ಲಿಯೇ ಕುಸಿದು ಕೂತು ಅವರ ಕಾಲು ಹಿಡಿದುಕೊಂಡ. ಕೆಟ್ಟ ಕಾಲನ್ನೇ ಹಿಡಿದಿದ್ದ. ‘ಅದರಲ್ಲಿ ನನಗೆ ಗೊತ್ತಾಗುವುದಿಲ್ಲ ಮಾರಾಯ, ಈಚೆದು ಹಿಡಿ’ ಅಂದರು ಅವರು. ಸ್ವಲ್ಪ ಹೊತ್ತು ಇಬ್ಬರೂ ಅತ್ತರು.

ಸರಸ ಗಟ್ಟಿ ಕಾಲಿನ, ಕಡಿಮೆ ಮಾತಿನ ಹೆಂಗಸು. ಬಂದವನು ಯಾರೆಂದು ತಿಳಿದ ಮೇಲೆ ಕಾಫಿ ತಂದು ಅವನ ಎದುರು ಇಟ್ಟಳು, ಕೈಗೆ ಕೊಡಲಿಲ್ಲ. ಭೋಜ ಪುಸ್ತಕ ತೆಗೆದು, ಅಮ್ಮ ಬರೆಯಲು ಹೇಳಿದ್ದನ್ನು ತಡವರಿಸುತ್ತ ವಿವರಿಸಿದ. ಮಾವ ಬಿದ್ದು ಬಿದ್ದು ನಕ್ಕರು.

‘ಸತ್ತವನ ಕತೆಯನ್ನು ಸತ್ತವನ ಬಾಯಿಯಲ್ಲೇ ಕೇಳ್ಲಿಕ್ಕೆ ಬಂದವ ನೀನೊಬ್ಬನೇ ಇರಬೇಕು. ಬರೆ. ಹನ್ನೆರಡನೆಯ ವಯಸ್ಸಿಗೆ ಎತ್ತಿನ ಗಾಡಿಯೊಟ್ಟಿಗೆ ಹೊರಟದ್ದು. ಬಂಟ್ವಾಳದಿಂದ ಉಪ್ಪು, ಒಣಮೀನು ಮೇಲೆ. ಮೇಲಿನಿಂದ ಏಲಕ್ಕಿ, ಕಾಫಿ ಕೆಳಗೆ. ಹೋಗುವಾಗ ನಮ್ಮ ಹತ್ತಿರ ಯಾರೂ ಬರ್ತಿರಲಿಲ್ಲ, ಬರುವಾಗ ಎಲ್ಲರೂ ಮೂಸಿ ನೋಡ್ತಿದ್ದರು. ಒಂದು ವರ್ಷ ನೆರೆ ಪೇಟೆಯ ಒಳಗೆ ಬಂತು. ಎತ್ತುಗಳನ್ನು ದೇವಸ್ಥಾನದ ಮೆಟ್ಟಿಲಿಗೆ ಹತ್ತಿಸಿ ಎರಡು ದಿನ ಅಲ್ಲಿಯೇ ಕೂತೆವು. ಆಮೇಲೆ ಬಸ್ಸು ಬಂತು, ಎತ್ತು ಮಾರಿ ಕ್ಲೀನರ್ ಆದೆ. ಯುದ್ಧದ ಕಾಲದಲ್ಲಿ ಪೆಟ್ರೋಲು ಇಲ್ಲ, ಇದ್ದಿಲಿನ ಬಸ್ಸು. ಹಿಂದೆ ಒಲೆ, ಒಂದು ಗಂಟೆ ಗಾಳಿ ಹಾಕಿದರೆ ಹೊರಡ್ತದೆ. ಏರು ಬಂದರೆ ಜನ ಇಳಿದು ನೂಕಬೇಕು. ದುಡ್ಡು ಕೊಟ್ಟು ಬಸ್ಸನ್ನು ಹೊತ್ತುಕೊಂಡು ಹೋದ ಜನ ಅದು. ಡ್ರೈವಿಂಗ್ ಲೈಸನ್ಸಿಗೆ ಸಹಿ ಬೇಕು ಅಂದರು. ಮೂವತ್ತೈದು ವರ್ಷಕ್ಕೆ ಹೆಸರು ಬರೆಯಲು ಕಲಿತೆ. ಕಲಿಸಿದ್ದು ಯಾರು, ನೆನಪುಂಟಾ?’

ಭೋಜನಿಗೆ ನೆನಪಿತ್ತು. ಹದಿಮೂರರ ತಾನು ಜಗಲಿಯಲ್ಲಿ ಕೂತು, ಮಸಿ ಮೆತ್ತಿದ ಆ ದಪ್ಪ ಬೆರಳುಗಳನ್ನು ಹಿಡಿದು ‘ಚ’ ತಿದ್ದಿಸಿದ್ದ.

‘ನಿನ್ನನ್ನು ಓದಲಿಕ್ಕೆ ಮೂಡಬಿದಿರೆಯ ಶಾಲೆಗೆ ಬಿಟ್ಟದ್ದು ಆ ಇದ್ದಿಲಿನ ಬಸ್ಸಿನಲ್ಲೇ. ನಿನ್ನ ಬಿಳಿ ಅಂಗಿ ಕಪ್ಪಾಯಿತು ಅಂತ ನೀನು ಅತ್ತಿದ್ದೆ. ಅದನ್ನು ಬರೆಯಬೇಡ, ಅದು ದುಡಿಮೆಯಲ್ಲ’ ಅಂದರು ಮಾವ.

ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಸರಸ ಮೊದಲ ಸಲ ಬಾಯಿ ತೆರೆದಳು. ‘ಇನ್ನೊಂದು ಬರೆದುಕೊಳ್ಳಿ ಮಾಸ್ಟ್ರೆ. ಮೊದಲಿನ ವರ್ಷ ದಿನಾ ಕೋಲು ಊರಿಕೊಂಡು ತೋಟದ ಗೇಟಿನವರೆಗೆ ಹೋಗ್ತಿದ್ದರು. ಬಸ್ಸಿನಿಂದ ಯಾರಾದರೂ ಇಳಿದು ಬರ್ತಾರಾ ಅಂತ. ರಸ್ತೆಗೆ ಹೋಗಿ ನಿಲ್ಲಿ ಅಂದರೆ, ಯಾರ ಕಣ್ಣಿಗೂ ಬೀಳಬೇಡಿ ಅಂತ ಹುಡುಗ ಹೇಳಿದ್ದಾನೆ ಅನ್ನುವುದು. ಆಟಿಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಊಟವೇ ಮಾಡುವುದಿಲ್ಲ. ಯಾಕೆ ಅಂದರೆ, ಇವತ್ತು ಅಕ್ಕ ನನಗೆ ಬಡಿಸಿರ್ತಾಳೆ, ಎರಡು ಕಡೆ ಉಣ್ಣಬಾರದು ಅನ್ನುವುದು.’

‘ಸಾಕು’ ಅಂದರು ಮಾವ. ಭೋಜ ಕಾಫಿಯ ಲೋಟವನ್ನು ಎತ್ತಿಕೊಳ್ಳಲಾರದೆ ಕೂತ. ಇಷ್ಟು ವರ್ಷ ತನ್ನ ತಪ್ಪಿಗೆ ಅವನು ನೂರು ರೂಪ ಕೊಟ್ಟು ನೋಡಿದ್ದ. ಈ ಉಪವಾಸ ಅದರಲ್ಲಿ ಇರಲಿಲ್ಲ. ಅಮ್ಮ ಅಲ್ಲಿ ಎಲೆ ಮುಟ್ಟಿಲ್ಲ ಅಂತ ಅಳುತ್ತಿದ್ದರು, ಇವರು ಇಲ್ಲಿ ಅದೇ ಹೊತ್ತಿಗೆ ಹಸಿದುಕೊಂಡು ಕೂರುತ್ತಿದ್ದರು, ಇಬ್ಬರ ನಡುವೆ ಮೂವತ್ತು ಮೈಲಿ ಕೂಡ ಇರಲಿಲ್ಲ.

‘ನಾಳೆಯೇ ಹೋಗುವ ಮಾವ. ನೀವು ಬನ್ನಿ’ ಅಂದವನು ಸರಸಳ ಕಡೆ ನೋಡಿ, ‘ಇಬ್ಬರೂ ಬನ್ನಿ’ ಎಂದು ತಿದ್ದಿಕೊಂಡ.

ಮಾವ ತಲೆ ಅಲ್ಲಾಡಿಸಿದರು. ಸಿಟ್ಟಿನಿಂದಲ್ಲ, ಇಂಜಿನ್ನಿನ ದೋಷ ಹೇಳುವವರಂತೆ ನಿಧಾನಕ್ಕೆ ಹೇಳಿದರು. ‘ನೀನು ನನ್ನನ್ನು ಒಮ್ಮೆ ಕರೆದಾಗಿದೆ ಭೋಜ, ಅಂಗಳದಲ್ಲಿ ನಿಂತು, ಮೂರು ಸಲ. ನಿನ್ನ ಕರೆ ಅಲ್ಲಿಗೆ ಮುಗಿಯಿತು. ಇನ್ನು ಅಕ್ಕ ಕರೆದರೆ ಬರ್ತೇನೆ, ಇಲ್ಲದಿದ್ದರೆ ಇಲ್ಲ. ಮೊದಲು ಅವಳಿಗೆ ಹೇಳು. ಭಾನುವಾರ ಬಡಿಸುವುದರ ಒಳಗೆ ಹೇಳು. ನನಗೆ ಎಂಟನೆಯ ವರ್ಷದ ಎಲೆ ಬೇಡ.’

ಶನಿವಾರ ಮಧ್ಯಾಹ್ನ ಭೋಜ ಮನೆ ಮುಟ್ಟಿದ. ಬಸ್ಸಿನಲ್ಲಿ ಘಟ್ಟ ಇಳಿಯುವಾಗ ಮಾತುಗಳನ್ನು ಜೋಡಿಸಿಕೊಂಡಿದ್ದ. ಅಂಗಳಕ್ಕೆ ಕಾಲಿಟ್ಟಾಗ ಅಮ್ಮ ಅಕ್ಕಿ ಆರಿಸುತ್ತಿದ್ದರು. ಕೆಲಸ ಮುಗಿಯಲಿ ಅಂದುಕೊಂಡ. ಸಂಜೆ ವಿಟ್ಲದಿಂದ ಕಾಂತಿ ಬಂದಳು. ಬಂದ ಕೂಡಲೇ ಬೇಡ ಅಂದುಕೊಂಡ. ಬೆಳಿಗ್ಗೆ ಇಬ್ಬರೂ ಒಲೆಯ ಮುಂದಿದ್ದರು. ಕೊನೆಗೆ ಯಾರೂ ಇಲ್ಲದಾಗ ಪುಸ್ತಕ ತೆಗೆದು ಚಿನ್ನಯ್ಯ ಶೆಟ್ಟರ ಪುಟದಲ್ಲಿ ಬರೆಯಬೇಕಾದದ್ದನ್ನೆಲ್ಲ ಬರೆದ. ಬಾಯಿಗೆ ಆಗದ್ದನ್ನು ಓದಿಯಾದರೂ ಹೇಳಬಹುದು ಅಂತ. ಮಾಸ್ಟ್ರುಗಳ ಧೈರ್ಯ ಪುಸ್ತಕ ಕೈಯಲ್ಲಿದ್ದರೆ ಮಾತ್ರ.

ಮಧ್ಯಾಹ್ನ ಒಳಗಿನ ಕೋಣೆಯಲ್ಲಿ ಸಾಲಾಗಿ ಎಲೆ ಹಾಕಿದರು. ಭೋಜ ಒಂದೊಂದೇ ಹೆಸರು, ಒಂದೊಂದೇ ದುಡಿಮೆ ಓದುತ್ತ ಬಂದ. ಕಾಂತಿ ಪಾತ್ರೆ ಹಿಡಿದಳು. ದುಗ್ಗಮ್ಮ ಬಡಿಸುತ್ತ ಬಂದರು. ಕೋಳಿ ಅಂಕದ ಅಜ್ಜನ ಸರದಿಯಲ್ಲಿ ಅವರಿಗೆ ಸಣ್ಣಗೆ ನಗುವೂ ಬಂತು. ಎಂಟು ಎಲೆಯಾಯಿತು. ಒಂಬತ್ತನೆಯದರ ಮುಂದೆ ಅವರು ಕೂತೇಬಿಟ್ಟರು, ಬಗ್ಗಿ ಬಡಿಸಿದರೆ ಸಾಲದು ಎಂಬಂತೆ.

ಭೋಜ ಓದಿದ. ಎತ್ತಿನ ಗಾಡಿ, ಒಣಮೀನು, ದೇವಸ್ಥಾನದ ಮೆಟ್ಟಿಲು, ಇದ್ದಿಲಿನ ಬಸ್ಸು. ದುಗ್ಗಮ್ಮ ‘ಹೌದು, ಹೌದು’ ಅನ್ನುತ್ತ ಅನ್ನ ಹಾಕುತ್ತಿದ್ದರು. ಆಮೇಲೆ ಲಾರಿ, ಕಣಿವೆ. ಆಮೇಲೆ ಅವನ ದನಿ ಇಳಿಯಿತು. ‘ಬಲಗಾಲು ಮುರಿಯಿತು. ಜೀವ ಉಳಿಯಿತು. ಸೋದರಳಿಯ ಭೋಜನಿಗೆ ಕಾಗದ ಬರೆಸಿದರು. ಅವನು ಬಂದು ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟು ಹೋಗಲಿಲ್ಲ. ಈಗ ಕೊಟ್ಟಿಗೆಹಾರದ ಹತ್ತಿರ ಒಂದು ತೋಟದಲ್ಲಿ ಜೀಪು ರಿಪೇರಿ ಮಾಡಿಕೊಂಡಿದ್ದಾರೆ. ಹೆಂಡತಿ ಸರಸ. ವರ್ಷಕ್ಕೊಮ್ಮೆ ಈ ದಿನ ಮಧ್ಯಾಹ್ನ ಅಕ್ಕ ಬಡಿಸಿರುತ್ತಾಳೆಂದು ಅವರು ಅಲ್ಲಿ ಉಣ್ಣುವುದಿಲ್ಲ.’

ಕಾಂತಿಯ ಕೈಯ ಪಾತ್ರೆ ನೆಲಕ್ಕೆ ತಾಗಿತು. ದುಗ್ಗಮ್ಮ ಎಲೆಯ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದರು.

‘ಯಾವಾಗ ಗೊತ್ತಾಯಿತು?’

‘ಆ ವರ್ಷವೇ. ಒಳಗೆ ಕರೆದು ಒಂಬತ್ತು ದಿನಕ್ಕೆ.’

‘ಕಾಂತಿಯ ಮದುವೆಗೆ ಮೊದಲೇ?’

‘ಅವಳ ಮದುವೆ ನಿಲ್ಲುತ್ತದೆ ಅಂತಲೇ ಅಮ್ಮ...’

‘ನನ್ನ ಹೆಸರು ಹೇಳಬೇಡ ಅಣ್ಣ’ ಅಂದಳು ಕಾಂತಿ. ‘ನನ್ನನ್ನು ಒಂದು ಮಾತು ಕೇಳಿದ್ದೀಯಾ? ಮಾವ ಇಲ್ಲ ಅಂತ ಧಾರೆಯ ಹೊತ್ತಿಗೆ ನಾನು ಅತ್ತದ್ದು ನೋಡಿದ್ದೀಯಲ್ಲ. ಗಿಂಡಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ ನೀನು.’

ದುಗ್ಗಮ್ಮ ಎದ್ದರು. ಬಡಿಸಿದ್ದ ಅನ್ನವನ್ನು ಎಲೆಯ ಸಮೇತ ಎತ್ತಿ ಹಿತ್ತಲಿಗೆ ಹಾಕಿ ಬಂದರು. ಕೈ ತೊಳೆದು, ಒಲೆಯ ಮೇಲಿದ್ದ ಪಾತ್ರೆಯಿಂದ ಹೊಸದಾಗಿ ಅನ್ನ, ಗಸಿ ಬುತ್ತಿ ಪಾತ್ರೆಗೆ ತುಂಬಿ ಬಟ್ಟೆ ಕಟ್ಟಿದರು.

‘ಸೀರೆ ಬದಲಿಸು ಕಾಂತಿ. ಎರಡು ಗಂಟೆಯ ಬಸ್ಸು ಉಂಟು. ಕತ್ತಲೆಯ ಒಳಗೆ ಮುಟ್ಟಿದರೆ ಅವನು ಇವತ್ತು ಉಣ್ಣಬಹುದು. ಆ ಹುಡುಗಿಗೂ ಒಂದು ಸೀರೆ ತಕ್ಕೋ.’

‘ನಾನೂ ಬರ್ತೇನೆ ಅಮ್ಮ. ದಾರಿ ನನಗೆ ಗೊತ್ತುಂಟು’ ಅಂದ ಭೋಜ.

‘ನಿನಗೆ ದಾರಿ ಗೊತ್ತಿದ್ದದ್ದು ನಮಗೆ ತಿಳಿಯಿತು. ನೀನು ಬೇಡ.’

ಅವರು ಕೊಡೆ ತೆಗೆದುಕೊಂಡು ಹೊಸಿಲು ದಾಟಿದವರು, ಅಂಗಳದಲ್ಲಿ ನಿಂತು ತಿರುಗಿದರು. ಮುಖದಲ್ಲಿ ಸಿಟ್ಟಿದ್ದಿದ್ದರೆ ಭೋಜ ತಡೆದುಕೊಳ್ಳುತ್ತಿದ್ದ. ಅಲ್ಲಿ ಸಿಟ್ಟಿರಲಿಲ್ಲ, ಬಹಳ ದಣಿವಿತ್ತು.

‘ಒಂದು ಮಾತು ಈಗಲೇ ಹೇಳ್ತೇನೆ, ಮತ್ತೆ ಮರೆತು ಹೋದೀತು. ನಾಳೆ ನಾನು ಸತ್ತರೆ ನನ್ನನ್ನು ಒಳಗೆ ಕರೆಯುವುದು ಕಾಂತಿ. ನೀನು ಕರೆಯಬೇಡ ಮಗ. ನೀನು ಕರೆದರೆ ನಾನು ಬರುವುದಿಲ್ಲ.’

ತಾಯಿ ಮಗಳು ಗದ್ದೆಯ ಹುಣಿಯ ಮೇಲೆ ಒಬ್ಬರ ಹಿಂದೆ ಒಬ್ಬರು ರಸ್ತೆಯ ಕಡೆಗೆ ನಡೆದರು. ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಓಡಿ ಹೋದರೆ ಸಿಗುತ್ತಿದ್ದರು. ಕಾಲು ಹಿಡಿದು, ಆ ಮಾತನ್ನು ಹಿಂದೆ ತೆಗೆದುಕೋ ಅಂತ ಬೇಡಿಕೊಳ್ಳಬಹುದಿತ್ತು. ಭೋಜ ಮೆಟ್ಟಿಲಿನವರೆಗೆ ಹೋದ. ಅವರ ಮನಸ್ಸು ಸ್ವಲ್ಪ ತಣ್ಣಗಾಗಲಿ, ಮಾವನನ್ನು ನೋಡಿದರೆ ತಾನಾಗಿ ಕರಗೀತು, ಆಮೇಲೆ ಹೇಳುವ ಅಂದುಕೊಂಡು ಅಲ್ಲಿಯೇ ಕೂತ. ಬಸ್ಸು ಬಂದು ನಿಂತ ಸದ್ದು ಕೇಳಿಸಿತು. ಅದು ಮತ್ತೆ ಹೊರಟು ಘಟ್ಟದ ಕಡೆಗೆ ಹೋಗುವಾಗಲೂ ಅವನು ಕೂತೇ ಇದ್ದ.